ನಿಮಗಿದು ಗೊತ್ತೇ? ಭಯವೂ ಕಲಿತದ್ದೇ, ಮರೆಸಬಹುದಾದದ್ದೇ

● ಸೂಜಿ ಕಂಡೊಡನೆ ಎಚ್ಚರ ತಪ್ಪಿ ಬೀಳುವವರು ಪುಕ್ಕಲರಲ್ಲ. ಸಾಮಾನ್ಯವಾಗಿ ಭಯವಾದಾಗ ಬಿಪಿ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಮೂರ್ಛೆ ಹೋಗುವುದು ಅಪರೂಪ. ರಕ್ತ, ಗಾಯ, ಇಂಜೆಕ್ಷನ್ ಕಂಡರೆ ಆಗುವ ಭಯದ ದಾರಿಯೇ ಬೇರೆ. ಬಿಪಿ ಮೊದಲು ಏರಿ, ಆಮೇಲೆ ಇದ್ದಕ್ಕಿದ್ದಂತೆ ಇಳಿದುಬಿಡುತ್ತದೆ. ಎದೆಬಡಿತವೂ ನಿಧಾನವಾಗುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಹೀಗಾಗುವುದೂ ಉಂಟು.

● ಇದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ 1980ರ ದಶಕದಲ್ಲಿ ಬಳಕೆಗೆ ತಂದ ಉಪಾಯ ಬಹಳ ಸರಳ. ಕೂತಲ್ಲೇ ತೋಳು, ಹೊಟ್ಟೆ, ಕಾಲುಗಳ ಸ್ನಾಯುಗಳನ್ನು ಬಿಗಿಹಿಡಿಯಬೇಕು. 10–15 ಸೆಕೆಂಡಿನಲ್ಲಿ ಮುಖ ಬಿಸಿಯಾದಂತೆ ಅನ್ನಿಸುತ್ತದೆ, ಅಂದರೆ ಬಿಪಿ ಏರಿತು. ಆಗ ಸಡಿಲಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿಹಿಡಿಯಬೇಕು. ಹೀಗೆ ಐದು ಸಲ. ಚುಚ್ಚಿಸಿಕೊಳ್ಳುವ ತೋಳನ್ನು ಮಾತ್ರ ಸಡಿಲ ಬಿಡಿ. ‘ರಿಲ್ಯಾಕ್ಸ್ ಮಾಡಿ, ಏನೂ ಆಗಲ್ಲ’ ಎಂದು ನಾವೆಲ್ಲ ಹೇಳುತ್ತೇವಲ್ಲ, ಇಳಿಯುತ್ತಿರುವ ಬಿಪಿಗೆ ಅದರಿಂದ ಉಪಯೋಗವಿಲ್ಲ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮಾಡಬೇಕು. ಇಂಥ ಭಯ ಇರುವವರು ನರ್ಸ್‌ಗೆ ಮೊದಲೇ ಹೇಳಿ, ಮಲಗಿಕೊಂಡು ಚುಚ್ಚಿಸಿಕೊಳ್ಳುವುದು ಒಳ್ಳೆಯದು. ಕೇಳಲು ನಾಚಿಕೆ ಬೇಡ.

● ಚಾರ್ಲ್ಸ್ ಡಾರ್ವಿನ್ ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವೊಂದರ ಪೆಟ್ಟಿಗೆಯ ದಪ್ಪ ಗಾಜಿಗೆ ಮುಖವಿಟ್ಟು ನಿಂತರು. ಹಾವು ಎಗರಿದರೂ ಕದಲಬಾರದೆಂದು ನಿಶ್ಚಯಿಸಿಕೊಂಡಿದ್ದರು. ಹಾವು ಎಗರಿತು, ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಜಿಗಿದಿದ್ದರು. 1872ರ ತಮ್ಮ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ನಡುವೆ ಗಾಜಿದೆ ಎಂದು ಬುದ್ಧಿಗೆ ಗೊತ್ತಿದ್ದರೆ ಸಾಲದು. ಆದ್ದರಿಂದಲೇ ಜಿರಳೆಗೆ ಹೆದರುವವರ ಮುಂದೆ ‘ಅದು ನಿನ್ನನ್ನೇನು ತಿನ್ನುತ್ತಾ?’ ಎಂದು ವಾದ ಹೂಡಿ ಫಲವಿಲ್ಲ.

● ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಬೇರೆ ಕೋತಿ ಹಾವಿಗೆ ಬೆದರುವುದನ್ನು ನೋಡಿದ್ದೇ ತಡ, ಅವೂ ಬೆದರತೊಡಗಿದವು. ವಿಡಿಯೊವನ್ನು ಜೋಡಿಸಿ, ಕೋತಿ ಹೂವಿಗೆ ಬೆದರಿದಂತೆ ತೋರಿಸಿದಾಗ ಮಾತ್ರ ಅವು ಹೂವಿನ ಭಯ ಕಲಿಯಲಿಲ್ಲ. ಅಮೆರಿಕದ ಸೂಸಾನ್ ಮಿನೇಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡುಕೊಂಡ ಸಂಗತಿ ಇದು. ಕೆಲವು ಭಯಗಳಿಗೆ ನೆಲ ಮೊದಲೇ ಹದವಾಗಿರುತ್ತದೆ. ಬೀಜ ಬೀಳುವುದು ಇನ್ನೊಬ್ಬರನ್ನು ನೋಡಿ. ಹಲ್ಲಿ ಕಂಡು ಮನೆಯ ದೊಡ್ಡವರು ಕಿರುಚಿ ಮಂಚ ಹತ್ತಿದರೆ, ಕೆಳಗೆ ನಿಂತ ಮಗು ಅದನ್ನೇ ಕಲಿಯುತ್ತದೆ.

● 1920ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇವತ್ತಿಗೂ ಮನಸ್ಸು ಕಲಕುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್, ‘ಆಲ್ಬರ್ಟ್’ ಎಂದು ಹೆಸರಿಟ್ಟ 11 ತಿಂಗಳ ಕೂಸಿನ ಮುಂದೆ ಬಿಳಿ ಇಲಿ ಬಿಟ್ಟು, ಅದು ಇಲಿಯನ್ನು ಮುಟ್ಟಹೋದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಏಳು ಸಲ ಹೀಗಾದ ಮೇಲೆ ಸದ್ದಿಲ್ಲದಿದ್ದರೂ ಇಲಿ ಕಂಡರೆ ಸಾಕು, ಕೂಸು ಅಳುತ್ತಿತ್ತು. ಮೊಲ, ನಾಯಿ, ತುಪ್ಪಳದ ಕೋಟಿಗೂ ಭಯ ಹಬ್ಬಿತು. ಆ ಭಯ ತೆಗೆಯುವ ಮೊದಲೇ ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ಯಲಾಯಿತು. ಇಂದಾಗಿದ್ದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡುತ್ತಿರಲಿಲ್ಲ.

● ಆಲ್ಬರ್ಟನ ಕಥೆ ಪಠ್ಯಪುಸ್ತಕಗಳಲ್ಲಿ ಇದ್ದೇ ಇರುತ್ತದೆ. ಪೀಟರನ ಕಥೆ ಬಲ್ಲವರು ಕಡಿಮೆ, ಅದನ್ನೇ ಹೆಚ್ಚು ಹೇಳಬೇಕಿತ್ತು. 1924ರಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇದನ್ನು ಪ್ರಕಟಿಸಿದರು. ಪೀಟರ್‌ಗೆ ಇನ್ನೂ ಮೂರು ತುಂಬಿರಲಿಲ್ಲ. ಮೊಲ, ಇಲಿ, ತುಪ್ಪಳದ ಕೋಟು, ಗರಿ, ಹತ್ತಿ ಎಲ್ಲಕ್ಕೂ ಹೆದರುತ್ತಿದ್ದ. ಭಯವಿಲ್ಲದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟು, ಅದೇ ಕೋಣೆಗೆ ಮೊಲವನ್ನು ತಂದರು. ಸುಧಾರಿಸುತ್ತಿದ್ದಾಗಲೇ ಅವನಿಗೆ ಜ್ವರ ಬಂದು ಎರಡು ತಿಂಗಳು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿ, ಭಯ ಮತ್ತೆ ಮೊದಲಿನಂತಾಯಿತು. ಜೋನ್ಸ್ ಕೈಚೆಲ್ಲಲಿಲ್ಲ. ಅವನು ಇಷ್ಟದ ತಿನಿಸು ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. ಕೊನೆಗೊಂದು ದಿನ ಮೊಲ ಅವನ ಬೆರಳು ಕಚ್ಚಿ ಆಡಿದರೂ ಪೀಟರ್ ಸುಮ್ಮನಿದ್ದ. ಹತ್ತಿ, ಗರಿ, ಕೋಟಿನ ಭಯವೂ ಹೋಗಿತ್ತು. ಫೋಬಿಯಾಗೆ ಇಂದು ಕೊಡುವ ಚಿಕಿತ್ಸೆಯ ತಿರುಳು ಇದೇ: ಹಂತ ಹಂತವಾಗಿ, ರೋಗಿಯ ಒಪ್ಪಿಗೆಯಿಂದ ಹತ್ತಿರ ಹೋಗುವುದು. ಈಜು ಕಲಿಸಲು ಬಾವಿಗೆ ತಳ್ಳುವಂಥದ್ದಲ್ಲ.

● ಲಿಫ್ಟಿಗೆ ಹೆದರಿ ಏಳನೇ ಮಹಡಿಗೆ ಮೆಟ್ಟಿಲು ಹತ್ತುವವರಿಗೆ ಆ ಕ್ಷಣಕ್ಕೆ ನಿರಾಳ. ಭಯಕ್ಕೆ ಮೇವು ಸಿಗುವುದೂ ಆ ನಿರಾಳದಲ್ಲೇ. ‘ತಪ್ಪಿಸಿಕೊಂಡೆ, ಅದಕ್ಕೇ ಬದುಕಿದೆ’ ಎಂದು ಮಿದುಳು ಲೆಕ್ಕ ಹಾಕಿಕೊಳ್ಳುತ್ತದೆ. ಬಾಗಿಲು ತೆರೆದ ಲಿಫ್ಟಿನಲ್ಲಿ ನಿಲ್ಲುವುದು, ಜೊತೆಗೊಬ್ಬರಿದ್ದು ಒಂದು ಮಹಡಿ ಹೋಗುವುದು, ಆಮೇಲೆ ಒಬ್ಬರೇ ಹೋಗುವುದು ಹೀಗೆ ಅಭ್ಯಾಸ ಸಾಗುತ್ತದೆ. ಹಳೆಯ ನೆನಪು ಇದರಿಂದ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂರುತ್ತದೆ. ಹೊಸ ಜಾಗದಲ್ಲಿ ಹಳೆಯ ಭಯ ಮತ್ತೆ ತಲೆಯೆತ್ತಬಹುದು, ಆದ್ದರಿಂದ ಬೇರೆ ಬೇರೆ ಕಟ್ಟಡಗಳಲ್ಲಿ ಅಭ್ಯಾಸ ಮಾಡಬೇಕು.

● ಒಂದೇ ಪ್ರಾಣಿಯ ಅಥವಾ ಒಂದೇ ಸನ್ನಿವೇಶದ ಭಯವಾದರೆ ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಅನೇಕರಿಗೆ ಗುಣ ಕಾಣುತ್ತದೆ. ಇದನ್ನೂ ರೂಪಿಸಿದವರು ಅದೇ ಓಸ್ಟ್, 1989ರಲ್ಲಿ.

● ಪ್ಯಾನಿಕ್ ಅಟ್ಯಾಕ್ ಬಂದವರು ಹೃದಯಾಘಾತವೆಂದೇ ತಿಳಿದು ಆಸ್ಪತ್ರೆಗೆ ಓಡುತ್ತಾರೆ, ಇಸಿಜಿ ಸರಿಯಾಗಿರುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ನಾಟಕವಲ್ಲ. ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯುತ್ತದೆ. ಆದರೂ ಎದೆನೋವು ಮೊದಲ ಸಲ ಬಂದಾಗ ‘ಗಾಬರಿಗೆ ಇರಬೇಕು’ ಎಂದು ಮನೆಯಲ್ಲಿ ಕೂರಬೇಡಿ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಸಲಹೆಯೂ ಬೇಡ. ಅದು ನಿಜಕ್ಕೂ ಹೃದಯದ ಅಥವಾ ಆಸ್ತಮಾದ ತೊಂದರೆಯಾಗಿದ್ದರೆ ಅಪಾಯ.

● ಅಪರೂಪದ ಕಾಯಿಲೆಯಿಂದ ಮಿದುಳಿನ ಅಮಿಗ್ಡಲಾ ಎಂಬ ಭಾಗವನ್ನು ಕಳೆದುಕೊಂಡ ಮಹಿಳೆಯೊಬ್ಬರು ಹಾವು, ಜೇಡ, ಭೂತಬಂಗಲೆ ಯಾವುದಕ್ಕೂ ಹೆದರುತ್ತಿರಲಿಲ್ಲ. ಆದರೆ 35% ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಒಳಗೆಳೆದುಕೊಂಡಾಗ ಅವರಿಗೂ ತೀವ್ರ ದಿಗಿಲಾಯಿತು. 2013ರಲ್ಲಿ ಇದು ಪ್ರಕಟವಾದ ಮೇಲೆ, ಭಯಕ್ಕೆಲ್ಲ ಮಿದುಳಿನ ಒಂದೇ ಮೂಲೆ ಕಾರಣ ಎನ್ನುವಂತಿಲ್ಲ.

● ಭಾರತದಲ್ಲಿ 2017ರಲ್ಲಿ ಸುಮಾರು 4.5 ಕೋಟಿ ಜನಕ್ಕೆ ಆತಂಕದ ಕಾಯಿಲೆ ಇತ್ತೆಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

● ನಾಲ್ಕು ಜನರೆದುರು ಮಾತಾಡುವ, ಊಟ ಮಾಡುವ ಅಳುಕು ವಿಪರೀತವಾದರೆ ಅದೂ ಕಾಯಿಲೆಯೇ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ‘ಬಹಳ ಸಂಕೋಚದ ಹುಡುಗಿ’ ಎಂಬ ಮೆಚ್ಚುಗೆಯ ಮಾತಿನಡಿ ಇದು ವರ್ಷಗಟ್ಟಲೆ ಮುಚ್ಚಿಹೋಗುವುದು ನೋವಿನ ಸಂಗತಿ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದ ಮಗುವನ್ನು ಮೇಷ್ಟ್ರು ಒಮ್ಮೆ ಗಮನಿಸಲಿ.

● ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ‘ಏನೂ ಉಪಯೋಗವಿಲ್ಲ’ ಎಂದು ಬಿಟ್ಟವರು ಬಹಳ. ಒಮ್ಮೆಲೇ ನಿಲ್ಲಿಸುವುದೂ ಸರಿಯಲ್ಲ, ವೈದ್ಯರ ಸಲಹೆಯಂತೆ ಇಳಿಸಬೇಕು.

● 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ಸೌಲಭ್ಯ ಒದಗಿಸಬೇಕು. ನಿಮ್ಮ ಪಾಲಿಸಿಯ ಕಾಗದ ತೆಗೆದು ನೋಡಿ.

● 14416. ಇದು ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.