ನಿವೃತ್ತರ ವಸತಿ ಸಮುಚ್ಚಯ: ಆಪತ್ತಿಗೆ ಒದಗುವುದು ಪಕ್ಕದ ಮನೆ

ಮಕ್ಕಳು ದೂರದ ನಗರದಲ್ಲೋ ಪರದೇಶದಲ್ಲೋ ನೆಲೆಸಿದ್ದಾರೆ. ಊರಿನ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೇ, ಕೆಲವೊಮ್ಮೆ ಒಬ್ಬರೇ. ರಾಜ್ಯದ ಅನೇಕ ಮಧ್ಯಮ ವರ್ಗದ ಕುಟುಂಬಗಳ ಚಿತ್ರವಿದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. ಆಗ ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 8.6 ಇದ್ದರೆ, ಕರ್ನಾಟಕದಲ್ಲಿ ಶೇ 9.5ರಷ್ಟಿತ್ತು. ಈ ಹಿನ್ನೆಲೆಯಲ್ಲಿಯೇ ಬೆಂಗಳೂರು, ಮೈಸೂರು ಹಾಗೂ ನೆರೆಯ ಕೊಯಮತ್ತೂರಿನ ಸುತ್ತಮುತ್ತ ನಿವೃತ್ತರಿಗೆಂದೇ ವಸತಿ ಸಮುಚ್ಚಯಗಳು ತಲೆಯೆತ್ತಿವೆ.

ವೃದ್ಧಾಶ್ರಮವಲ್ಲ

ಇವುಗಳನ್ನು ವೃದ್ಧಾಶ್ರಮವೆಂದು ಭಾವಿಸುವುದು ಸರಿಯಲ್ಲ. 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಬೇಕೆಂದು ಹೇಳುವುದು ನಿರ್ಗತಿಕ ಹಿರಿಯರನ್ನು ಗಮನದಲ್ಲಿಟ್ಟುಕೊಂಡು. ನಿವೃತ್ತರ ಸಮುಚ್ಚಯದಲ್ಲಾದರೋ ಪ್ರತಿಯೊಬ್ಬರಿಗೂ ಪ್ರತ್ಯೇಕ ಮನೆ, ಅಡುಗೆಮನೆ, ಬೀಗದ ಕೈ ಇರುತ್ತವೆ. ಕೆಲವೆಡೆ ಮನೆಯನ್ನು ಕೊಳ್ಳಬೇಕು. ಇನ್ನು ಕೆಲವೆಡೆ ಠೇವಣಿ ಇಟ್ಟು ಇರುವಷ್ಟು ಕಾಲ ವಾಸಿಸಬಹುದು. ಇದಲ್ಲದೆ ಊಟ, ಸ್ವಚ್ಛತೆ, ಕಾವಲು ಮತ್ತು ದಾದಿಯ ಸೇವೆಗೆಂದು ತಿಂಗಳ ಶುಲ್ಕ ತೆರಬೇಕಾಗುತ್ತದೆ.

ದಿನಚರಿ ಮತ್ತು ಜಗಳ

ಬೆಳಗಿನ ನಡಿಗೆ, ಭೋಜನಶಾಲೆಯ ತಿಂಡಿ, ಪತ್ರಿಕೆಯ ಓದು, ಸಂಜೆ ಕಟ್ಟೆಯ ಮೇಲಿನ ಹರಟೆ - ನಲವತ್ತು ಐವತ್ತು ಮನೆಗಳ ಸಣ್ಣ ಸಮುಚ್ಚಯದಲ್ಲಿ ದಿನ ಸಾಗುವುದು ಹೀಗೆ. ಒಂದೆರಡು ತಿಂಗಳಲ್ಲಿ ಅಪರಿಚಿತರು ರಾಯರು, ಮೇಷ್ಟ್ರು, ಅಕ್ಕ ಎಂದು ಪರಸ್ಪರ ಕರೆಯುವಷ್ಟು ಹತ್ತಿರವಾಗುತ್ತಾರೆ.

ಮನಸ್ತಾಪಗಳೂ ಅಷ್ಟೇ ಬೇಗ ಹುಟ್ಟಿಕೊಳ್ಳುತ್ತವೆ. ಇವುಗಳಲ್ಲಿ ಮೊದಲನೆಯದು ಊಟದ ಪಟ್ಟಿ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಬೇಕು, ಮೈಸೂರು ಕಡೆಯವರಿಗೆ ಮುದ್ದೆ ಸಾರು. ರಕ್ತದೊತ್ತಡವಿರುವವರಿಗೆ ಉಪ್ಪು ಕಡಿಮೆಯಾಗಬೇಕು. ಎರಡನೆಯದು ಟಿ.ವಿ. ಸದ್ದು. ವಯಸ್ಸಾದಂತೆ ಕಿವಿ ಮಂದವಾಗುವುದು ಸಹಜ. ಮಾತು ಕೇಳಿಸಿದರೂ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಸದ್ದು ಏರುತ್ತದೆ, ಪಕ್ಕದ ಮನೆಯವರ ನಿದ್ದೆ ಕೆಡುತ್ತದೆ. ಇಂತಹ ದೂರುಗಳನ್ನು ಶಿಸ್ತಿನ ಪ್ರಶ್ನೆಯನ್ನಾಗಿ ಮಾಡುವ ಬದಲು ಕಿವಿಯ ತಪಾಸಣೆ, ಶ್ರವಣ ಸಾಧನಗಳತ್ತ ಗಮನ ಹರಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಹಾಲಿನ ಪ್ಯಾಕೆಟ್ಟಿನ ಸೂಚನೆ

ನೆರೆಹೊರೆಯ ನಿಜವಾದ ಬೆಲೆ ತಿಳಿಯುವುದು ಆಪತ್ತಿನಲ್ಲಿ. ಒಂಟಿಯಾಗಿರುವ ಹಿರಿಯರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಏಳಲಾಗದೆ ಉಳಿದರೆ, ಮುರಿದ ಮೂಳೆಗಿಂತಲೂ ನೆಲದ ಮೇಲೆ ಕಳೆದ ಗಂಟೆಗಳೇ ಹೆಚ್ಚು ಅಪಾಯ ತರಬಲ್ಲವು. ದೇಹದ ನೀರಿನಂಶ ಕುಗ್ಗುತ್ತದೆ. ಒತ್ತಡಕ್ಕೆ ಸಿಕ್ಕ ಸ್ನಾಯುಗಳು ಹಾಳಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಮೆರಿಕದಲ್ಲಿರುವ ಮಗನಿಗೆ ವಿಷಯ ತಿಳಿಯುವಷ್ಟರಲ್ಲಿ ಈ ಅವಧಿ ಮುಗಿದಿರುತ್ತದೆ.

ಹೀಗಾಗಿ ಬಾಗಿಲಲ್ಲೇ ಉಳಿದ ಹಾಲಿನ ಪ್ಯಾಕೆಟ್, ಎತ್ತಿಕೊಳ್ಳದ ಪತ್ರಿಕೆ, ತಿಂಡಿಗೆ ಬಾರದ ಮುಖ - ಇವೇ ಮೊದಲ ಎಚ್ಚರಿಕೆ. ನೆರೆಯವರಲ್ಲಿ ಒಂದು ಹೆಚ್ಚುವರಿ ಬೀಗದ ಕೈ ಇರುವುದು, ಔಷಧಿಗಳ ಹೆಸರು, ರಕ್ತದ ಗುಂಪು ಹಾಗೂ ಮಕ್ಕಳ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸುವುದು ಖರ್ಚಿಲ್ಲದ ರಕ್ಷಣೆ. ಆಂಬುಲೆನ್ಸಿಗೆ 108, ಹಿರಿಯರ ಸಹಾಯವಾಣಿಗೆ 14567 ಸಂಖ್ಯೆಗಳೂ ಆ ಚೀಟಿಯಲ್ಲಿರಬೇಕು.

ಆದರೆ ನೆರೆಯವರ ನೆರವಿಗೂ ಮಿತಿಯಿದೆ. ಎಂಬತ್ತರ ಹಿರಿಯರನ್ನು ಎತ್ತಿ ಕೂರಿಸಲು ಎಪ್ಪತ್ತೈದರ ನೆರೆಯವರಿಂದ ಸಾಧ್ಯವಿಲ್ಲ. ಮರೆಗುಳಿತನಕ್ಕೆ ತುತ್ತಾದವರನ್ನು ರಾತ್ರಿಯಿಡೀ ಕಾಯುವುದು ಸ್ನೇಹದಿಂದಷ್ಟೇ ಆಗುವ ಕೆಲಸವಲ್ಲ. ಹಾಸಿಗೆ ಹಿಡಿದವರ ಆರೈಕೆಗೆ ತರಬೇತಿ ಪಡೆದ ಕೈಗಳೇ ಬೇಕು. ಅಂತಹ ವ್ಯವಸ್ಥೆಯಿಲ್ಲದ ಸಮುಚ್ಚಯವು ಗಟ್ಟಿಮುಟ್ಟಾಗಿರುವವರೆಗೆ ಮಾತ್ರ ಮನೆ. ಆಸರೆ ಬೇಕಾದಾಗ ಮತ್ತೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಕರಾರಿನಲ್ಲಿ ಏನಿದೆ?

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಪ್ರಕಟಿಸಿತು. ಇಳಿಜಾರು ದಾರಿ, ಜಾರದ ನೆಲ, ತುರ್ತು ವೈದ್ಯಕೀಯ ನೆರವು ಇತ್ಯಾದಿಗಳ ಜೊತೆಗೆ ನಿರ್ಮಾಣಗಾರರು, ಸೇವೆ ಒದಗಿಸುವ ಸಂಸ್ಥೆ ಮತ್ತು ನಿವಾಸಿ - ಈ ಮೂವರ ನಡುವೆ ಒಪ್ಪಂದವಿರಬೇಕೆಂದು ಅದು ಸೂಚಿಸಿದೆ. ಕಟ್ಟಿದವರು ಒಬ್ಬರು, ನಡೆಸುವವರು ಇನ್ನೊಬ್ಬರಾದಾಗ ಹೊಣೆ ಯಾರದೆಂಬ ಗೊಂದಲ ತಪ್ಪಿಸುವುದು ಇದರ ಉದ್ದೇಶ. ಆದರೆ ಮಾದರಿ ಮಾರ್ಗಸೂಚಿಯು ಕಾಯ್ದೆಯಲ್ಲ ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಕರಾರುಪತ್ರವನ್ನು ಓದಿಯೇ ಸಹಿ ಹಾಕುವುದು ಅಗತ್ಯ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ಪತಿ ಪತ್ನಿಯರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಹಕ್ಕು ಅದೇ ರೀತಿ ಮುಂದುವರಿಯುವುದೇ? ಠೇವಣಿ ಎಷ್ಟು ದಿನದೊಳಗೆ, ಯಾರ ಕೈ ಸೇರುತ್ತದೆ? ತಿಂಗಳ ಶುಲ್ಕವನ್ನು ಏರಿಸುವ ಅಧಿಕಾರ ಯಾರಿಗಿದೆ, ಅದಕ್ಕೆ ಮಿತಿಯೇನು? ವಾರಸುದಾರರು ಅಲ್ಲಿ ವಾಸಿಸಬಹುದೇ, ಇಲ್ಲವೇ ಮಾರಲೇಬೇಕೇ? ಹಾಸಿಗೆ ಹಿಡಿದರೆ ಅಲ್ಲಿಯೇ ಇರಲು ಅವಕಾಶವುಂಟೇ?

ಉಳಿದುದನ್ನು ಕರಾರುಪತ್ರ ಹೇಳುವುದಿಲ್ಲ. ಹಣ ಕಟ್ಟುವ ಮುನ್ನ ಒಂದೆರಡು ವಾರ ಬಾಡಿಗೆಗೆ ಅಲ್ಲಿ ಉಳಿದು, ಭೋಜನಶಾಲೆಯಲ್ಲಿ ಉಂಡು, ಕಟ್ಟೆಯ ಹರಟೆಯಲ್ಲಿ ಕುಳಿತು ನೋಡುವುದು ಒಳಿತು. ಕಳೆದ ಬಾರಿ ಒಬ್ಬರು ಬಾಗಿಲು ತೆರೆಯದಿದ್ದಾಗ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂದು ಅಲ್ಲಿನ ನಿವಾಸಿಗಳನ್ನೇ ಕೇಳಬೇಕು. ಬರುವ ಉತ್ತರವನ್ನು ನೋಡಿ ಮನೆ ಕೊಳ್ಳಬೇಕೇ ಬೇಡವೇ ಎಂಬುದನ್ನು ನಿರ್ಧರಿಸಬಹುದು.