ಬಟನ್ ಫೋನಿನ ಬ್ಯಾಂಕು
ಕೀನ್ಯಾದ ನೈರೋಬಿಯಲ್ಲಿ ದುಡಿಯುವ ಮಗ ಊರಲ್ಲಿರುವ ಅಮ್ಮನಿಗೆ ದುಡ್ಡು ಕಳಿಸಬೇಕು. ಹೇಗೆ? ಮೊದಲೆಲ್ಲ ಬಸ್ ಡ್ರೈವರ್ ಕೈಗೆ ಲಕೋಟೆ ಕೊಟ್ಟು, ದೇವರ ಮೇಲೆ ಭಾರ ಹಾಕಬೇಕಿತ್ತು!

2007ರಲ್ಲಿ ಕೀನ್ಯಾಕ್ಕೆ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಸೇವೆ ಬಂತು. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ಟೂ ಬೇಡ. ಮಗ ಹಸಿರು ಬಣ್ಣ ಬಳಿದ ಗೂಡಂಗಡಿಯಲ್ಲಿ ನಗದು ಕಟ್ಟಿ, ಬಟನ್ ಫೋನಿನಲ್ಲಿ ಪಿನ್ ಒತ್ತುತ್ತಾನೆ. ಅಮ್ಮನಿಗೆ ಮೆಸೇಜ್ ಬರುತ್ತೆ. ಅವಳೂರಿನ ಅಂಗಡಿಯವನು ಗುರುತಿನ ಚೀಟಿ ನೋಡಿ ನೋಟು ಎಣಿಸಿ ಕೊಡುತ್ತಾನೆ. ಅಷ್ಟೇ.

2016ರ ಅಧ್ಯಯನವೊಂದರ ಲೆಕ್ಕದಲ್ಲಿ, ಇದರಿಂದ ಬಡತನ ದಾಟಿದ ಕುಟುಂಬಗಳು ಸುಮಾರು 1,94,000. ಸಣ್ಣ ಮಾತಲ್ಲ.

ಈಗ ಕೀನ್ಯಾದ ಜನಸಂಖ್ಯೆ 5 ಕೋಟಿ ದಾಟಿದೆ, ಅದರಲ್ಲಿ ಎಳೆಯ ವಯಸ್ಸಿನವರೇ ಜಾಸ್ತಿ. ದುಡ್ಡು ಕಳಿಸೋದು ಸಲೀಸಾಯಿತು, ಸರಿ. ಇಷ್ಟು ಜನಕ್ಕೆ ಕೆಲಸ? ಎಷ್ಟೋ ಮಂದಿ ಬೋಡಾ ಬೋಡಾ, ಅಂದರೆ ಬೈಕ್ ಟ್ಯಾಕ್ಸಿ, ಓಡಿಸುತ್ತಿದ್ದಾರೆ. ಬಾಡಿಗೆಯೂ ಎಂ-ಪೆಸಾದಲ್ಲೇ!