ಮೇಣದ ಬತ್ತಿಗೆ ಎಂಥ ಬಣ್ಣ?

ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಕಳೆದ ದೀಪಾವಳಿಗೆ ಮಕ್ಕಳು ಮೇಣದ ಬತ್ತಿಗಳನ್ನು ಎರೆದರು. ಮಿಠಾಯಿಯ ಬಣ್ಣವನ್ನು ನೀರಿನಲ್ಲಿ ಕದಡಿ ಸುರಿದಾಗ ಅದು ಹನಿಹನಿಯಾಗಿ ತಳ ಸೇರಿತು. ಮೇಣ ಬೆಳ್ಳಗೇ ಉಳಿಯಿತು. ನೆಲಕ್ಕೆ ಬಳಿಯುವ ಕಾವಿಯ ಪುಡಿಯನ್ನು ಬೆರೆಸಿದ ಬತ್ತಿ ಚೆನ್ನಾಗಿ ಕಂಡಿತು; ಆದರೆ ಉರಿ ಕುಗ್ಗಿ ಬೇಗನೆ ನಂದಿತು. ಇದೇಕೆ?

ಪ್ಯಾರಾಫಿನ್ ಮೇಣವು ಇಂಗಾಲ, ಜಲಜನಕಗಳ ಸಂಯುಕ್ತಗಳ ಮಿಶ್ರಣ. ಎಣ್ಣೆಯಂತೆ ಅದೂ ನೀರಿನೊಡನೆ ಬೆರೆಯದು. ನೀರಿನಲ್ಲಿ ಕರಗುವ ಬಣ್ಣಕ್ಕೆ ಅಲ್ಲಿ ಎಡೆಯಿಲ್ಲ. ಮೇಣದ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ್ದರೆ ಆ ನೀರು ಒಮ್ಮೆಲೇ ಆವಿಯಾಗಿ, ಬಿಸಿಮೇಣವನ್ನು ಮೈಮೇಲೆ ಸಿಡಿಸುತ್ತಿತ್ತು! ಆದುದರಿಂದ ಮೇಣವನ್ನು ಬಿಸಿನೀರಿನೊಳಗಿಟ್ಟ ಪಾತ್ರೆಯಲ್ಲಿಯೇ ಕರಗಿಸಬೇಕು.

ಕಾವಿಯ ದೋಷ ಬೇರೆ. 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಬಾಲಕರಿಗೆ ತೋರಿಸಿದಂತೆ, ಕರಗಿದ ಮೇಣವು ಕೇಶಾಕರ್ಷಣೆಯಿಂದ ನಡುವಿನ ನೂಲನ್ನೇರಿ, ಆವಿಯಾಗಿ ಉರಿಯುತ್ತದೆ. ಕರಗದ ಕಣಗಳು ನೂಲಿನ ಸೂಕ್ಷ್ಮ ಸಂದುಗಳನ್ನು ಮುಚ್ಚಿದರೆ ಜ್ವಾಲೆಗೆ ಆಹಾರ ತಪ್ಪುತ್ತದೆ.

ಹಾಗಾದರೆ ಬೇಕಾದುದು ಎಣ್ಣೆಯಲ್ಲಿ ಕರಗುವ ಬಣ್ಣ. ಪರೀಕ್ಷೆ ಸುಲಭ: ಬೆಚ್ಚನೆಯ ತೆಂಗಿನೆಣ್ಣೆಗೆ ಚಿಟಿಕೆ ಬಣ್ಣ ಹಾಕಿ ಕಲಕಿರಿ. ಗಷ್ಟು ತಳದಲ್ಲಿ ನಿಂತರೆ ಅದನ್ನು ಬಿಡಿರಿ. ಎಣ್ಣೆ ತಿಳಿಯಾಗಿಯೇ ಉಳಿದು ಬಣ್ಣವೇರಿದರೆ ಮೇಣಕ್ಕೂ ಅದು ಒಗ್ಗೀತು. ಅದನ್ನೂ ಮಿತವಾಗಿ ಬಳಸಿ, ಮೊದಲು ಒಂದೇ ಬತ್ತಿಯನ್ನು ಉರಿಸಿ ನೋಡಿರಿ.